ಅಳಿಸಿದ್ದನ್ನೂ ಓದಬೇಕು

ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂದದ್ದಕ್ಕೆ 1973ರಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಿರಿ ಕಳಕೊಂಡರು. ಅವತ್ತು ಬಾಯಿ ಮುಚ್ಚಿಸಲು ಬಂದವರು ಬೀದಿಯಲ್ಲೇ ಇದ್ದರು, ಮುಖ ಕಾಣುತ್ತಿತ್ತು. ಆ ಸಿಟ್ಟಿನಲ್ಲೇ ದಲಿತ ಚಳವಳಿ ಕಾವು ಪಡೆಯಿತು. ಇವತ್ತು ಗಲಾಟೆಯೇ ಬೇಡ. ಕೇಂದ್ರದ 'ಸಹಯೋಗ್' ಪೋರ್ಟಲಿನಿಂದ ಅಧಿಕಾರಿಯ ನೋಟಿಸು ಹೋದರೆ, ಬರೆದವನಿಗೆ ಗೊತ್ತಾಗುವ ಮೊದಲೇ ಬರೆದದ್ದು ಅಳಿಸಿಹೋಗಬಹುದು. ಅದನ್ನು ಪ್ರಶ್ನಿಸಿದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು.

ತಿಲಕ್ ನಗರದ ಟೀ ಅಂಗಡೀಲಿ ಈ ಮಾತೆತ್ತಿದರೆ, 'ಕಂಪನಿ ಜಗಳ, ನಮ್ಗ್ಯಾಕೆ ಬಿಡಿ ಸಾರ್' ಅಂತಾರೆ. ಪೇಪರಿನವರು ಅಚ್ಚು ಹಾಕದ ನಮ್ಮ ನೋವಿಗೆ ಮೊಬೈಲೇ ಅಚ್ಚುಮನೆ ಅನ್ನೋದು ಮರೆತೇಹೋಗಿದೆ. ದಲಿತ ವಿಮರ್ಶೆ ಬರೆದದ್ದನ್ನಷ್ಟೇ ಓದುತ್ತಾ ಕೂತರೆ ಸಾಲದು. ಅಳಿಸಿದ್ದು ಯಾವುದು, ಅಳಿಸಿದವರು ಯಾರು ಅಂತಲೂ ಕೇಳಬೇಕು.