ಮಾದರಿಯೊಳಗೆ ಮಳೆ ಎಲ್ಲಿ?

ವಾಸ್ತುಶಿಲ್ಪ ವಿದ್ಯಾರ್ಥಿಗಳ ಕೊನೆಯ ವರ್ಷದ ಕೆಲಸಗಳ ಪ್ರದರ್ಶನವೆಂದರೆ ನನಗೆ ಬಲು ಪ್ರೀತಿ. ಐದು ವರ್ಷದ ಓದೆಲ್ಲ ಅಲ್ಲಿ ಒಂದು ಮೇಜಿನ ಮೇಲೆ ಬಂದು ನಿಂತಿರುತ್ತದೆ. ಗೋಡೆಗೆ ನಕ್ಷೆಗಳು, ಮುಂದೆ, ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಗುಡ್ಡ, ಬೆಂಡಿನ ಗೋಡೆ, ಹಸಿರು ಬಳಿದ ಸ್ಪಂಜಿನ ಮರ. ಎಳೆಯರ ಈ ಶ್ರದ್ಧೆಯನ್ನು ಮೆಚ್ಚದವನು ಅರಸಿಕನೇ ಸರಿ.

ಆದರೂ ಒಂದು ಮಾತು ಹೇಳದೆ ವಿಧಿಯಿಲ್ಲ. ಇಂಥ ಮಾದರಿಗಳಲ್ಲಿ ಹೆಚ್ಚಿನವು ಮಳೆಯನ್ನೇ ಕಂಡಂತಿಲ್ಲ. ನೀರೆಂದರೆ ಒಂದು ತುಂಡು ನೀಲಿ ಕಾಗದ. ಅದು ಎಲ್ಲಿಂದ ಬಂತು, ಹೆಚ್ಚಾದರೆ ಎಲ್ಲಿಗೆ ಹೋದೀತು, ಬತ್ತಿದರೆ ಗತಿಯೇನು? ಬರದ ಸೀಮೆಯ ಕಣ್ಣು ಮೊದಲು ಹುಡುಕುವುದು ಇದನ್ನೇ.

ಹೋಲಿಕೆಗೆ ದೂರ ಹೋಗಬೇಕಾಗಿಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕೊಂಡಾಡುವವರು ಕಲ್ಲನ್ನು ಕೊಂಡಾಡುತ್ತಾರೆ. ನನಗೆ ಅದರ ಜಾಣ್ಮೆ ಕಾಣುವುದು ನೀರಿನಲ್ಲಿ. ಬೆಟ್ಟದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿ ಮಿಕ್ಕದ್ದು ಅಕ್ಕ-ತಂಗಿ ಹೊಂಡಕ್ಕೆ. ಮುಂದೆ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ. ಅಲ್ಲಿ ಇಳಿಜಾರೇ ನಕ್ಷೆ.

ಹಿರಿಯೂರಿನ ಮಾರಿಕಣಿವೆ ಇನ್ನೊಂದು ಪಾಠ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿತು. ತಲೆಮಾರುಗಳು ಒಣನೆಲವೆಂದು ಕಂಡದ್ದು ಕೆರೆಯಂಗಳವೇ ಆಗಿತ್ತು! ಆ ದಡದಲ್ಲಿ ಒಂದು ಪ್ರವಾಸಿ ಮಂದಿರವನ್ನು ಕಲ್ಪಿಸುವ ವಿದ್ಯಾರ್ಥಿ ಯಾವ ವರ್ಷದ ನೀರನ್ನು ಬರೆಯಬೇಕು? ತುಂಬಿದ ವರ್ಷದ್ದನ್ನೂ ಬರಗಾಲದ್ದನ್ನೂ, ಎರಡನ್ನೂ ಬರೆಯಬೇಕೆಂಬುದೇ ನನ್ನ ವಾದ.

ನಿವೇಶನವನ್ನು ಅಂಗುಲ ಬಿಡದೆ ಕಟ್ಟಡದಿಂದ ತುಂಬುವ ಹಂಬಲವೂ ಈ ಮಾದರಿಗಳಲ್ಲಿ ಉಂಟು. ಅಂಥವರು ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಎಲ್ಲಕ್ಕೂ ಮಾಡು ಹಾಕಲೇಬೇಕೆಂದಿಲ್ಲ. ಬಯಲನ್ನು ಬಯಲಾಗಿ ಉಳಿಸುವುದೂ ವಾಸ್ತುವೇ.

ಈ ಹುಡುಗ ಹುಡುಗಿಯರೇ ನಾಳೆ ನಮ್ಮ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳನ್ನು ರೂಪಿಸತಕ್ಕವರು. ರಟ್ಟಿನಲ್ಲಿ ಆದ ತಪ್ಪನ್ನು ಕತ್ತರಿ ತಿದ್ದೀತು; ಗಾರೆಯಲ್ಲಿ ಆದ ತಪ್ಪನ್ನು ಊರು ಅನುಭವಿಸಬೇಕು. ಆದಕಾರಣ ಪರೀಕ್ಷಕರು ಒಂದು ಚೊಂಬು ನೀರು ಹಿಡಿದು ಬರಲೆಂದು ನನ್ನ ಸೂಚನೆ. ಮಾದರಿಯ ಮೇಲೆ ಸುರಿಯುವುದು ಬೇಡ, ಪಾಪ. ಸುರಿದರೆ ಎಲ್ಲಿಗೆ ಹರಿಯುತ್ತದೆಂದು ಕೇಳಿದರೆ ಸಾಕು.