ಕಾರ್ಪೊವ್ ಎದುರು ಎ6

1980ರ ಜನವರಿಯಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ನಡೆದ ಯುರೋಪಿಯನ್ ತಂಡ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವ ಚಾಂಪಿಯನ್ ಅನಾತೊಲಿ ಕಾರ್ಪೊವ್ ಬಿಳಿ ಕಾಯಿಗಳೊಂದಿಗೆ ಇ4 ಆಡಿದರು. ಇಂಗ್ಲೆಂಡಿನ ಟೋನಿ ಮೈಲ್ಸ್ ಕೊಟ್ಟ ಉತ್ತರ ಎ6. ಮಧ್ಯದ ಮನೆಗಳಿಗೂ ಈ ನಡೆಗೂ ಸಂಬಂಧವಿಲ್ಲ. ಯಾವ ಕಾಯಿಗೂ ಅದು ದಾರಿ ಬಿಡುವುದಿಲ್ಲ. ಚದುರಂಗ ಕಲಿಯುವ ಮಗು ಇದನ್ನು ಆಡಿದರೆ ಗುರುಗಳು ತಡೆಯುತ್ತಾರೆ.

ಆದರೂ ಅದರ ಹಿಂದೆ ಲೆಕ್ಕವಿತ್ತು. ಸಿಸಿಲಿಯನ್, ಫ್ರೆಂಚ್ ಮುಂತಾದ ಓಪನಿಂಗ್‌ಗಳಲ್ಲಿ ಕಾರ್ಪೊವ್ ತಯಾರಿಗೆ ಸಾಟಿಯಿರಲಿಲ್ಲ. ಎ6 ಆ ತಯಾರಿಯನ್ನೆಲ್ಲ ಬದಿಗೆ ಸರಿಸಿತು. ಮುಂದೆ ಬಿ5 ಪದಾತಿ, ಬಿ7ರಲ್ಲಿ ಒಂಟೆ. ಅಲ್ಲಿಂದ ಒಂಟೆಯ ಕಣ್ಣು ನೇರವಾಗಿ ಬಿಳಿಯ ಇ4 ಪದಾತಿಯ ಮೇಲೆ. ಕಾರ್ಪೊವ್ ಆರನೆಯ ನಡೆಯಲ್ಲಿ ಎ4 ತಳ್ಳಿ ಬಿ5 ಪದಾತಿಯನ್ನು ಕೆಣಕಿದಾಗ ಮೈಲ್ಸ್ ಸಿ5 ಆಡಿ ಮಧ್ಯಭಾಗವನ್ನೇ ತಿವಿದರು. ಹದಿನಾರನೆಯ ನಡೆ ಮುಗಿದಾಗ ಪದಾತಿಗಳು ಸಮ, ಜೊತೆಗೆ ಕಪ್ಪಿಗೆ ಎರಡು ಒಂಟೆಗಳ ಜೋಡಿ.

ಆಟದ ಸಾರವಿರುವುದು ಇದಾದ ಮೇಲೆ. ಕಾರ್ಪೊವ್ ಬಿ1ರಲ್ಲಿ ಒಂಟೆ, ಡಿ3ರಲ್ಲಿ ಮಂತ್ರಿಯನ್ನು ಒಂದೇ ಓರೆಗೆರೆಯಲ್ಲಿ ನಿಲ್ಲಿಸಿ ಎಚ್7ಕ್ಕೆ ಗುರಿಯಿಟ್ಟರು. ನಡುವೆ ಇ4ರಲ್ಲಿದ್ದ ಬಿಳಿ ಕುದುರೆ ಸರಿದರೆ ಸಾಕು, ಮಾತ್! ಮೈಲ್ಸ್ ಹೆದರಲಿಲ್ಲ. ಒಂದು ಜೋಡಿ ಆನೆಗಳನ್ನು ಬದಲಾಯಿಸಿಕೊಂಡು, ಮಂತ್ರಿಯಿಂದ ಬಿ2 ಪದಾತಿಯನ್ನು ಹೊಡೆದರು, ಮರುನಡೆಯಲ್ಲೇ ಇ5ನ್ನೂ. ಈಗ ಕುದುರೆ ಅಲುಗಾಡುವಂತಿಲ್ಲ: ಅದು ಸರಿದರೆ ಹಿಂದಿರುವ ಇ1ರ ಆನೆ ಶಹದೊಂದಿಗೆ ಹೋಗುತ್ತದೆ. ಬಿಳಿ ಡಿ7ರಲ್ಲಿ ಒಂದು ಪದಾತಿಯನ್ನು ಮರಳಿ ಪಡೆಯಿತು. ಆದರೆ 28ನೆಯ ನಡೆಗೆ ಮಂತ್ರಿಗಳೂ ಬೋರ್ಡಿನಿಂದ ಇಳಿದವು. ಕಪ್ಪಿಗೆ ಒಂದು ಪದಾತಿ ಹೆಚ್ಚು, ಒಂಟೆಗಳ ಜೋಡಿಯೂ ಭದ್ರ.

ಅಂತ್ಯದ ಆಟ ಕಾರ್ಪೊವ್ ಅವರ ಸ್ವಂತ ಅಂಗಳ. ಅಲ್ಲಿಯೇ ಅವರು ನಿಧಾನವಾಗಿ ಹಿಸುಕಿಹೋದರು. ಮೈಲ್ಸ್ ಜಿ3 ಪದಾತಿಯನ್ನೂ ಹೊಡೆದ ಬಳಿಕ 46ನೆಯ ನಡೆಗೆ ಚಾಂಪಿಯನ್ ಸೋಲೊಪ್ಪಿಕೊಂಡರು. ಆ ಸಲ ಇಂಗ್ಲೆಂಡ್ ತಂಡಕ್ಕೆ ಕಂಚು ದಕ್ಕಿತು.

ಈ ಓಪನಿಂಗ್‌ಗೆ ಸೇಂಟ್ ಜಾರ್ಜ್ ಡಿಫೆನ್ಸ್ ಎಂಬ ಹೆಸರಿದೆ. ಮೈಲ್ಸ್ ಅವರ ಊರಿನಿಂದಾಗಿ ಬರ್ಮಿಂಗ್‌ಹ್ಯಾಮ್ ಡಿಫೆನ್ಸ್ ಎಂದೂ ಕರೆಯುತ್ತಾರೆ. ಇಂಗ್ಲೆಂಡಿನವರೇ ಆದ ಮೈಕಲ್ ಬಾಸ್ಮನ್ ಇದನ್ನು ಮತ್ತೆ ಮತ್ತೆ ಆಡಿ ಬೆಳೆಸಿದರು. ಉನ್ನತ ಮಟ್ಟದಲ್ಲಿ ಮಾತ್ರ ಅದು ಬೇರೂರಲಿಲ್ಲ. ಎರಡು ನಡೆ ಅಂಚಿನಲ್ಲೇ ಖರ್ಚಾಗುವಷ್ಟರಲ್ಲಿ ಬಿಳಿಗೆ ಇ4, ಡಿ4 ಎರಡೂ ಪುಕ್ಕಟೆಯಾಗಿ ಸಿಗುತ್ತವೆ, ಬಿ5 ಪದಾತಿಯೋ ಮೊದಲಿನಿಂದಲೇ ಗುರಿ. ಸ್ಕಾರಾದಲ್ಲಿ ಎ6 ಕೊಟ್ಟದ್ದು ಸಮಬಲದ, ಅಪರಿಚಿತವಾದ ಒಂದು ಸ್ಥಿತಿಯನ್ನಷ್ಟೇ. ಗೆಲುವು ಬಂದದ್ದು ಮಂತ್ರಿ ಬಿ2, ಇ5 ಪದಾತಿಗಳನ್ನು ಹೊಡೆದ 24 ಮತ್ತು 25ನೆಯ ನಡೆಗಳ ಧೈರ್ಯದಿಂದ.