ಸಿಎಫ್‌ಎಲ್: ಉಳಿಸಿದ ಕರೆಂಟು, ಉಳಿದ ಬಾಕಿ

ಹಳೆಯ ಬಲ್ಬು ತೆಗೆದು ಸಿಎಫ್‌ಎಲ್ ಹಾಕಿಕೊಳ್ಳಿ, ಕರೆಂಟೂ ಉಳಿಯುತ್ತದೆ ಕಾಸೂ ಉಳಿಯುತ್ತದೆ ಎಂಬ ಮಾತು ಹತ್ತು ಹನ್ನೆರಡು ವರ್ಷ ನಮ್ಮ ಮನೆಗಳಲ್ಲಿ ಎದುರಿಲ್ಲದೆ ಓಡಾಡಿತು. ಕರ್ನಾಟಕದಲ್ಲಿ ಅದಕ್ಕೆ ಅಧಿಕೃತ ಮುದ್ರೆ ಬಿದ್ದದ್ದು 2004-05ರ ಸುಮಾರಿಗೆ, ಬೆಂಗಳೂರಿನಲ್ಲಿ ವಿದ್ಯುತ್ ಕಂಪನಿ ಬೆಸ್ಕಾಂ ನಡೆಸಿದ ದಕ್ಷ ಬೆಳಕಿನ ಕಾರ್ಯಕ್ರಮದಿಂದ. ಗ್ರಾಹಕರಿಗೆ ಬಲ್ಬು ರಿಯಾಯಿತಿಯಲ್ಲಿ ಸಿಗುತ್ತಿತ್ತು. ಒಮ್ಮೆಗೇ ದುಡ್ಡು ಕೊಡಲಾಗದವರು ಕರೆಂಟ್ ಬಿಲ್ಲಿನ ಜೊತೆಗೇ ಕಂತಿನಲ್ಲಿ ತೀರಿಸಬಹುದಿತ್ತು. 2009ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ‘ಬಚತ್ ಲ್ಯಾಂಪ್ ಯೋಜನೆ’ ತಂದಿತು: ಹಳೆಯ ಬಲ್ಬು ಕೊಡಿ, 15 ರೂಪಾಯಿಗೆ ಸಿಎಫ್‌ಎಲ್ ಒಯ್ಯಿರಿ. ಅಂಗಡಿಯಲ್ಲಿ ಅದೇ ಬಲ್ಬಿಗೆ ಆಗ ನೂರರ ಆಸುಪಾಸು ಬೆಲೆಯಿತ್ತು. ವ್ಯತ್ಯಾಸದ ಹಣ, ಕರೆಂಟು ಉಳಿಸಿ ತಗ್ಗಿಸಿದ ಇಂಗಾಲಕ್ಕೆ ಸಿಗುವ ಕಾರ್ಬನ್ ಕ್ರೆಡಿಟ್ ಮಾರಾಟದಿಂದ ಬರಬೇಕಿತ್ತು. ದೇಶದ 40 ಕೋಟಿ ಹಳೆಯ ಬಲ್ಬುಗಳನ್ನು ಬದಲಿಸುವುದು ಗುರಿ. 2015ಕ್ಕೆ ಎಲ್‌ಇಡಿ ಹಂಚುವ ‘ಉಜಾಲಾ’ ಬಂತು, ನಮ್ಮಲ್ಲಿ ಅದೇ ‘ಹೊಸ ಬೆಳಕು’ ಆಯಿತು. ಸಿಎಫ್‌ಎಲ್ ಸದ್ದಿಲ್ಲದೆ ಹಿಂದೆ ಸರಿಯಿತು.

ಇಷ್ಟು ದೊಡ್ಡ ಬದಲಾವಣೆ ಮುಗಿದ ಮೇಲೆ ಅದರ ಲೆಕ್ಕವನ್ನು ಯಾರೂ ಸರಿಯಾಗಿ ಚುಕ್ತಾ ಮಾಡಲಿಲ್ಲ. ಸಿಎಫ್‌ಎಲ್ ತಪ್ಪು ಆಯ್ಕೆಯಾಗಿರಲಿಲ್ಲ. ಆದರೆ ಅದನ್ನು ಹಂಚಿದವರು ವ್ಯಾಟನ್ನು ಎಣಿಸಿದರು, ಬಲ್ಬು ಎಷ್ಟು ದಿನ ಬದುಕಿತು, ಸತ್ತ ಮೇಲೆ ಎಲ್ಲಿಗೆ ಹೋಯಿತು ಎಂಬುದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಮೊದಲು ಅದರ ಪರವಾದ ಮಾತು. 60 ವ್ಯಾಟಿನ ಹಳೆಯ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಶಾಖವಾಗಿ ಹೋಗುತ್ತದೆ. ಅಷ್ಟೇ ಬೆಳಕನ್ನು ಸಿಎಫ್‌ಎಲ್ ಸುಮಾರು 14 ವ್ಯಾಟಿನಲ್ಲಿ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಯುವ ದೀಪವಾದರೆ ತಿಂಗಳಿಗೆ ಏಳು ಯೂನಿಟ್‌ನಷ್ಟು ಉಳಿತಾಯ. ಆಗಿನ ಲೆಕ್ಕದಲ್ಲಿ ಯೂನಿಟ್ಟಿಗೆ 3 ರೂಪಾಯಿ ಹಿಡಿದರೂ ತಿಂಗಳಿಗೆ 20 ರೂಪಾಯಿ. 120 ರೂಪಾಯಿಯ ಬಲ್ಬು ಆರು ತಿಂಗಳಿಗೆ ತನ್ನ ಬೆಲೆ ತೀರಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದಂತೆ 6000 ಗಂಟೆ ಬಾಳಿದರೆ ಮೂರು ವರ್ಷಕ್ಕೂ ಮೀರಿ ನಡೆಯುತ್ತದೆ. ವಿದ್ಯುತ್ ಕಂಪನಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆಯೇ ಇತ್ತು. ಸಂಜೆ ಆರರಿಂದ ಹತ್ತರವರೆಗೆ ಊರೆಲ್ಲ ಒಟ್ಟಿಗೆ ದೀಪ ಹಾಕುವ ಹೊತ್ತಿನಲ್ಲೇ ಬೇಡಿಕೆ ಏರುತ್ತದೆ, ಲೋಡ್ ಶೆಡ್ಡಿಂಗ್ ಕಾಡುತ್ತಿದ್ದದ್ದೂ ಆ ಹೊತ್ತಿನಲ್ಲೇ. ಆ ನಾಲ್ಕು ಗಂಟೆಗಳ ಹೊರೆಯನ್ನು ಇಳಿಸಲು ಮನೆಯ ಬಲ್ಬಿಗೆ ಕೈಹಾಕಿದ್ದು ಬುದ್ಧಿವಂತಿಕೆಯೇ ಸರಿ.

ಆದರೆ ‘ದಿನಕ್ಕೆ ಐದು ಗಂಟೆ’ ಎಂಬ ಊಹೆ ನಮ್ಮ ಮನೆಗಳಿಗೆ ಎಷ್ಟು ಒಪ್ಪುತ್ತಿತ್ತು? ಪಶ್ಚಿಮದ ದೇಶಗಳ ಮನೆಗಳಲ್ಲಿ ಹೆಚ್ಚಿನ ಕೋಣೆಗಳಲ್ಲಿ ಹಳೆಯ ಬಲ್ಬೇ ಇತ್ತು. ನಮ್ಮಲ್ಲಿ ಹಾಗಿರಲಿಲ್ಲ. ಹೆಚ್ಚು ಹೊತ್ತು ಉರಿಯುವ ಪಡಸಾಲೆಯ ದೀಪ ಆ ಹೊತ್ತಿಗಾಗಲೇ ಟ್ಯೂಬ್‌ಲೈಟ್ ಆಗಿತ್ತು. ಹಳೆಯ ಬಲ್ಬು ಉಳಿದುಕೊಂಡಿದ್ದು ಬಚ್ಚಲುಮನೆ, ಮೆಟ್ಟಿಲ ಕೆಳಗೆ, ಹಿತ್ತಲ ಬಾಗಿಲು, ಉಗ್ರಾಣ ಇಂಥ ಕಡೆ. ದಿನಕ್ಕೆ ಒಂದು ಗಂಟೆ ಉರಿಯುವ ಬಚ್ಚಲಿನ ಬಲ್ಬನ್ನು ಬದಲಿಸಿದರೆ ತಿಂಗಳಿಗೆ ಉಳಿಯುವುದು ಒಂದೂವರೆ ಯೂನಿಟ್ಟಿಗಿಂತ ಕಡಿಮೆ. ಬಲ್ಬಿನ ಬೆಲೆ ವಾಪಸು ಬರಲು ಎರಡೂವರೆ ವರ್ಷ ಬೇಕು. ಪದೇ ಪದೇ ಹಾಕಿ ಆರಿಸುವುದನ್ನು ಸಿಎಫ್‌ಎಲ್ ತಡೆದುಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಅದು ಅಷ್ಟು ದಿನ ಬಾಳುವುದೂ ಅನುಮಾನ. ಇತ್ತ ಅದೇ ಮನೆಯ ದೇವರಕೋಣೆಯಲ್ಲೋ ಮಲಗುವ ಕೋಣೆಯಲ್ಲೋ ಇಡೀ ರಾತ್ರಿ ಉರಿಯುವ ಜೀರೋ ಬಲ್ಬಿನ ಸುದ್ದಿಗೆ ಯಾರೂ ಹೋಗಲಿಲ್ಲ. ಅದು ಎಳೆಯುವುದು ಸುಮಾರು 15 ವ್ಯಾಟ್. ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಯಾವ ಹೋಲ್ಡರಿನ ಬಲ್ಬು ಎಷ್ಟು ಹೊತ್ತು ಉರಿಯುತ್ತದೆ ಎಂದು ಕೇಳದೆ ಹಂಚಿದ್ದು ಈ ಯೋಜನೆಗಳ ಮೊದಲ ಕೊರತೆ.

ದಿನಕ್ಕೆ ಐದು ಗಂಟೆಯ ಊಹೆ ನಿಜಕ್ಕೂ ಸರಿಹೋಗುತ್ತಿದ್ದದ್ದು ಬಡ ಕುಟುಂಬಗಳಿಗೆ ಕೊಟ್ಟ ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕದ ಮನೆಗಳಿಗೆ. ಇರುವುದೇ ಒಂದು ಬಲ್ಬು. ಅಡುಗೆ, ಊಟ, ಮಕ್ಕಳ ಓದು ಎಲ್ಲ ಅದರ ಕೆಳಗೇ. ಅಲ್ಲಿನ 40 ವ್ಯಾಟಿನ ಬಲ್ಬು ತೆಗೆದು 11 ವ್ಯಾಟಿನ ಸಿಎಫ್‌ಎಲ್ ಹಾಕಿದರೆ ಕರೆಂಟ್ ಕಾಲುಭಾಗದ ಆಸುಪಾಸಿಗೆ ಇಳಿದು ಬೆಳಕು ಮಾತ್ರ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ. ಸಂಜೆ ವೋಲ್ಟೇಜ್ ಬಿದ್ದಾಗ ಹಳೆಯ ಬಲ್ಬಿನ ತಂತಿ ಕೆಂಪಗಾಗಿ ನಿಲ್ಲುತ್ತಿತ್ತು, ಟ್ಯೂಬ್‌ಲೈಟ್ ಮಿಣುಕಿ ಮಿಣುಕಿ ಹತ್ತುತ್ತಲೇ ಇರಲಿಲ್ಲ. ಒಳ್ಳೆಯ ಸಿಎಫ್‌ಎಲ್ ಆಗಲೂ ಹತ್ತುತ್ತಿತ್ತು. ಆದರೆ ಈ ಮನೆಯವರಿಗೆ ಬಿಲ್ಲಿನ ಭಾರ ಹೇಗೂ ಇರಲಿಲ್ಲ, ‘ಕಾಸು ಉಳಿಯುತ್ತದೆ’ ಎಂಬ ಮಾತು ಅವರಿಗೆ ತಟ್ಟುವಂಥದ್ದಲ್ಲ. ಕಂತೂ ರಿಯಾಯಿತಿಯೂ ಬಿಲ್ಲು ಕಟ್ಟುವವರ ಲೆಕ್ಕದಲ್ಲಿ ಹುಟ್ಟಿದವು. ಯಾರಿಗೆ ಹೆಚ್ಚು ಬೆಳಕು ಬೇಕಿತ್ತೋ ಅವರು ಈ ಪ್ರಚಾರದ ಮುಖ್ಯ ಗಿರಾಕಿಯೇ ಆಗಿರಲಿಲ್ಲ.

ಇನ್ನು ಆಯುಷ್ಯದ ವಿಚಾರ. ಕೆಟ್ಟುಹೋದ ಸಿಎಫ್‌ಎಲ್ ಒಂದನ್ನು ರಿಪೇರಿಯವನ ಮೇಜಿನ ಮೇಲೆ ಬಿಚ್ಚುವುದನ್ನು ನೋಡಿದರೆ ಅದು ಯಾಕೆ ಬೇಗ ಸಾಯುತ್ತಿತ್ತು ಎಂಬುದು ತಿಳಿಯುತ್ತದೆ. ಪ್ಲಾಸ್ಟಿಕ್ ಬುಡದ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಎರಡು ಹೋಳು. ಒಳಗೆ ಬಿಸಿಗೆ ಕಂದಿದ ಪುಟ್ಟ ದುಂಡು ಬೋರ್ಡು. ಅದರ ಮೇಲೆ ಎರಡು ಟ್ರಾನ್ಸಿಸ್ಟರ್, ತಾಮ್ರ ಸುತ್ತಿದ ಸಣ್ಣ ಕಾಯಿಲ್, ತಲೆ ಉಬ್ಬಿ ನಿಂತ ಕೆಪ್ಯಾಸಿಟರ್. ಗಾಜಿನ ಕೊಳವೆಯಿಂದ ಬಂದ ನಾಲ್ಕು ತಂತಿಗಳನ್ನು ಬೋರ್ಡಿನ ಕಡ್ಡಿಗಳಿಗೆ ಸುಮ್ಮನೆ ಸುತ್ತಿರುತ್ತಾರೆ. ನಾವು ಬಲ್ಬನ್ನು ತಲೆಕೆಳಗಾಗಿ ತೂಗುಹಾಕುವುದರಿಂದ ಕೊಳವೆಯ ಶಾಖವೆಲ್ಲ ಏರಿ ಈ ಬೋರ್ಡಿಗೇ ಬಡಿಯುತ್ತದೆ. ಮೇಲೊಂದು ಗಾಜಿನ ಗೋಳ ಮುಚ್ಚಿದರಂತೂ ಮುಗಿಯಿತು. ಎಷ್ಟೋ ಸಲ ಕೊಳವೆ ಚೆನ್ನಾಗಿಯೇ ಇರುತ್ತಿತ್ತು, ಸತ್ತದ್ದು ಕೆಲವೇ ರೂಪಾಯಿಯ ಕೆಪ್ಯಾಸಿಟರ್. ಅದನ್ನು ಬದಲಿಸಿಕೊಟ್ಟು ಬಲ್ಬಿಗೆ ಮರುಜೀವ ಕೊಟ್ಟ ಊರೂರಿನ ರಿಪೇರಿಯವರು ಈ ಕತೆಯ ನಿಜವಾದ ಉಳಿತಾಯಗಾರರು. ಯಾವ ಯೋಜನೆಯೂ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತಂತ್ರಜ್ಞರು ಆಗಲೇ ಎತ್ತಿದ್ದ ಇನ್ನೊಂದು ತಕರಾರು ಪವರ್ ಫ್ಯಾಕ್ಟರಿನದು. ಅಗ್ಗದ ಸಿಎಫ್‌ಎಲ್‌ಗಳಲ್ಲಿ ಅದು 0.5ರಿಂದ 0.6ರಷ್ಟೇ. ಅಂದರೆ ಮನೆಯ ಮೀಟರು 14 ವ್ಯಾಟ್ ಎಂದೇ ತೋರಿಸಿದರೂ ತಂತಿಯಲ್ಲಿ ಹರಿಯುವ ಕರೆಂಟು 25 ವ್ಯಾಟಿನ ಸಾದಾ ಬಲ್ಬಿನಷ್ಟಿರುತ್ತದೆ. ಮನೆಯವರಿಗೆ ಇದರ ಬಿಸಿ ತಟ್ಟುವುದಿಲ್ಲ, ತಟ್ಟುವುದು ಟ್ರಾನ್ಸ್‌ಫಾರ್ಮರಿಗೆ. ಈ ತಕರಾರನ್ನು ಅತಿ ಮಾಡಬೇಕಿಲ್ಲ. 60ರ ಎದುರು 25 ಎಂದರೂ ಅರ್ಧಕ್ಕಿಂತ ಹೆಚ್ಚು ಉಳಿತಾಯವೇ. ಆದರೆ ಜಾಹೀರಾತು ಹೇಳಿದಷ್ಟಲ್ಲ.

ಎಲ್ಲಕ್ಕಿಂತ ಭಾರವಾದ ಬಾಕಿ ಪಾದರಸದ್ದು. ಒಂದು ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ 3ರಿಂದ 5 ಮಿಲಿಗ್ರಾಂ ಪಾದರಸ ಇರಬೇಕು. ಹಳೆಯ ಜ್ವರದ ಥರ್ಮಾಮೀಟರಿನಲ್ಲಿ ಇದರ ನೂರು ಪಟ್ಟು ಇರುತ್ತಿತ್ತು. ಒಂದು ಬಲ್ಬು ಒಡೆದರೆ ಗಾಬರಿ ಬೀಳಬೇಕಿಲ್ಲ. ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಹೊರಗಿದ್ದು, ಪೊರಕೆ ಮುಟ್ಟದೆ, ದಪ್ಪ ಕಾಗದದಿಂದ ಚೂರು ಬಾಚಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿದರಾಯಿತು. ಪರವಾದಿಗಳು ಇನ್ನೊಂದು ವಾದ ಮುಂದಿಡುತ್ತಾರೆ: ಕಲ್ಲಿದ್ದಲು ಸುಟ್ಟರೂ ಪಾದರಸ ಹೊರಬರುತ್ತದೆ, ಕರೆಂಟು ಉಳಿಸಿದರೆ ಅದೂ ಉಳಿಯಿತಲ್ಲ! ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಕರೆಂಟಿಗೆ ಈ ಮಾತು ಒಪ್ಪುತ್ತದೆ. ಶರಾವತಿಯ ಕರೆಂಟಿಗೆ ಒಪ್ಪುವುದಿಲ್ಲ. ಮೇಲಾಗಿ ಒಟ್ಟು ಮೊತ್ತ ಕಡಿಮೆಯಾದರೂ ಅದು ಬೀಳುವ ಜಾಗ ಬದಲಾಗುತ್ತದೆ. ಚಿಮಣಿಯ ಪಾದರಸಕ್ಕೆ ಸ್ಥಾವರವನ್ನು ಹೊಣೆ ಮಾಡಬಹುದು. ಕಸದ ಗಾಡಿಯಲ್ಲಿ ಒಡೆಯುವ ಬಲ್ಬಿನ ಪಾದರಸವನ್ನು ಮೊದಲು ಉಸಿರಾಡುವುದು ಕೈಗವಸೂ ಇಲ್ಲದ ಪೌರಕಾರ್ಮಿಕರು.

ಹಳೆಯ ಬಲ್ಬನ್ನು ವಾಪಸು ಕೊಟ್ಟರೆ ಮಾತ್ರ ಹೊಸದು ಎಂದು ಷರತ್ತು ಹಾಕಿದ ವ್ಯವಸ್ಥೆಗೆ, ಸತ್ತ ಸಿಎಫ್‌ಎಲ್ ಕೊಟ್ಟರೆ ಮಾತ್ರ ಮುಂದಿನದು ಎಂದು ಹೇಳುವುದು ಕಷ್ಟವೇನಿರಲಿಲ್ಲ. ವಿಷವಿಲ್ಲದ ಗಾಜನ್ನು ಎಣಿಸಿ ಪಡೆದರು, ವಿಷವಿದ್ದ ಗಾಜು ಬಹುಪಾಲು ಮನೆಯವರ ಪಾಲಿಗೇ ಉಳಿಯಿತು. ಕಾರಣವೂ ಸರಳ: ಹಳೆಯ ಬಲ್ಬು ಎಣಿಸಿದರೆ ಕಾರ್ಬನ್ ಕ್ರೆಡಿಟ್ ಹುಟ್ಟುತ್ತಿತ್ತು, ಸತ್ತ ಸಿಎಫ್‌ಎಲ್‌ಗೆ ಮಾರುಕಟ್ಟೆ ಇರಲಿಲ್ಲ. 2012ರ ಹೊತ್ತಿಗೆ ಕ್ರೆಡಿಟ್ ಬೆಲೆ ನೆಲಕಚ್ಚಿದಾಗ ಆ ಆಧಾರವೂ ಹೋಯಿತು. ಕಾನೂನು ಎಚ್ಚೆತ್ತದ್ದು 2016ರಲ್ಲಿ. ಘನತ್ಯಾಜ್ಯ ನಿಯಮಗಳು ಸಿಎಫ್‌ಎಲ್ ಅನ್ನು ಅಪಾಯಕಾರಿ ಗೃಹತ್ಯಾಜ್ಯದ ಪಟ್ಟಿಗೆ ಸೇರಿಸಿದವು, ಇ-ತ್ಯಾಜ್ಯ ನಿಯಮಗಳು ತಯಾರಕರನ್ನು ಹೊಣೆಗಾರರನ್ನಾಗಿ ಮಾಡಿದವು. ಅಷ್ಟರಲ್ಲಿ ಬಲ್ಬಿನ ಕಾಲವೇ ಮುಗಿಯುತ್ತ ಬಂದಿತ್ತು. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದದ ರಾಷ್ಟ್ರಗಳು ಮನೆಬಳಕೆಯ ಸಿಎಫ್‌ಎಲ್ ತಯಾರಿಕೆ, ಆಮದು, ರಫ್ತುಗಳಿಗೆ 2025ರ ಗಡುವು ಹಾಕಿದ್ದು 2022ರಲ್ಲಿ.

ಹಾಗಾದರೆ ತೀರ್ಪೇನು? ಬಲ್ಬು ಪಾಸು, ಯೋಜನೆ ಅರ್ಧ ಪಾಸು. ಸಂಜೆಯ ಹೊರೆ ಇಳಿಸುವ ಕೆಲಸವನ್ನು ಸಿಎಫ್‌ಎಲ್ ಎಲ್‌ಇಡಿ ಅಗ್ಗವಾಗುವವರೆಗೆ ನಿಭಾಯಿಸಿತು. ಬಲ್ಬಿಗೆ ಇಂದು ಹೆಚ್ಚು ಕೊಟ್ಟು ಬಿಲ್ಲಿನಲ್ಲಿ ನಾಳೆ ಪಡೆಯುವ ಲೆಕ್ಕವನ್ನು ಜನರಿಗೆ ರೂಢಿಸಿತು. ಆದರೆ ಹಂಚಿದ ಸಂಖ್ಯೆಯನ್ನೇ ಸಾಧನೆ ಎಂದು ಬರೆದುಕೊಂಡ ಅಭ್ಯಾಸ ಅಲ್ಲಿಗೇ ನಿಲ್ಲಲಿಲ್ಲ. ಎಲ್‌ಇಡಿಯಲ್ಲಿ ಪಾದರಸವಿಲ್ಲ ನಿಜ, ಆದರೆ ಅದರ ಬುಡದಲ್ಲೂ ಬಿಸಿಗೆ ಸಾಯುವ ಅಂಥದ್ದೇ ಬೋರ್ಡಿದೆ, ಅದೂ ಕೊನೆಗೆ ಇ-ತ್ಯಾಜ್ಯವೇ. ರಾಜ್ಯದ ಗೃಹಜ್ಯೋತಿ ಯೋಜನೆಯ ಶೂನ್ಯ ಬಿಲ್ಲಿನ ಕಾಲದಲ್ಲಿ ‘ಕಾಸು ಉಳಿಯುತ್ತದೆ’ ಎಂಬ ಆಮಿಷಕ್ಕೂ ಮೊದಲಿನ ಬಲವಿಲ್ಲ.

ಓದುಗರು ಮಾಡಬಹುದಾದ್ದು ಇಷ್ಟು. ಮನೆಯಲ್ಲಿ ಇನ್ನೂ ಉರಿಯುತ್ತಿರುವ ಸಿಎಫ್‌ಎಲ್ ಇದ್ದರೆ ಉರಿಯಲಿ, ಅವಸರದಿಂದ ಕಿತ್ತು ಎಸೆಯಬೇಡಿ. ಕೆಟ್ಟ ಮೇಲೆ ಹಸಿಕಸ ಒಣಕಸದ ಜೊತೆ ಬೆರೆಸದೆ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ, ಒಯ್ಯುವವರಿಗೆ ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ. ಎಲ್‌ಇಡಿ ಕೊಳ್ಳುವಾಗ ವ್ಯಾಟಿನ ಜೊತೆ ಲ್ಯೂಮೆನ್ ಎಷ್ಟು, ವಾರಂಟಿ ಎಷ್ಟು ವರ್ಷ ಎಂದು ನೋಡಿ, ಬಿಲ್ಲು ಜೋಪಾನವಾಗಿಡಿ, ಮಧ್ಯದಲ್ಲೇ ಕೆಟ್ಟರೆ ಅಂಗಡಿಗೆ ಹಿಂತಿರುಗಿಸಿ. ಮತ್ತು ಮೊದಲು ಬದಲಿಸಬೇಕಾದದ್ದು ಬಚ್ಚಲಿನ ಬಲ್ಬಲ್ಲ, ಇಡೀ ರಾತ್ರಿ ಉರಿಯುವ ಆ ಜೀರೋ ಬಲ್ಬು.